ಎರಡು ನಿಮಿಷದ ಕಥೆ: ತರಗತಿಗೆ ಡಿಜಿಟಲ್ ಕಥನವನ್ನು ಒಯ್ಯುವ ಮುನ್ನ ಶಿಕ್ಷಕರು ಕಲಿಯಬೇಕಾದದ್ದು

ಮಕ್ಕಳಿಂದ ಡಿಜಿಟಲ್ ಕಥೆ ಮಾಡಿಸಬೇಕೆಂದಿರುವ ಶಿಕ್ಷಕರು ಅದಕ್ಕೂ ಮೊದಲು ತಾವೇ ಎರಡು ನಿಮಿಷದ ಒಂದು ಕಥೆಯನ್ನು ಆರಂಭದಿಂದ ಕೊನೆಯವರೆಗೆ ಮಾಡಿ ಮುಗಿಸಬೇಕು. ಹತ್ತು ಆ್ಯಪ್‌ಗಳ ಪರಿಚಯ ಮಾಡಿಕೊಳ್ಳುವುದಕ್ಕಿಂತ ಒಂದು ಕಥೆಯನ್ನು ಪೂರ್ತಿಗೊಳಿಸುವುದರಿಂದ ಕಲಿಯುವುದು ಹೆಚ್ಚು ಎಂಬುದು ನನ್ನ ದೃಢವಾದ ಅಭಿಪ್ರಾಯ. ಯಾಕೆಂದರೆ ಮಗುವೊಂದು ಎಲ್ಲಿ ತಡವರಿಸುತ್ತದೆ, ಎಲ್ಲಿ ಬೇಸರಪಡುತ್ತದೆ, ಯಾವ ಹಂತಕ್ಕೆ ಎಷ್ಟು ಸಮಯ ಬೇಕಾಗುತ್ತದೆ ಎಂಬುದು ಆ ದಾರಿಯನ್ನು ತಾವೇ ನಡೆದವರಿಗೆ ಮಾತ್ರ ಗೊತ್ತಿರುತ್ತದೆ.

ಡಿಜಿಟಲ್ ಕಥೆ ಎಂದರೆ ಹೇಳುವವರ ಸ್ವಂತ ಧ್ವನಿ, ಕೆಲವು ಸ್ಥಿರಚಿತ್ರಗಳು, ಬೇಕೆನಿಸಿದರೆ ಸ್ವಲ್ಪ ಸಂಗೀತ ಇವನ್ನು ಸೇರಿಸಿ ಮಾಡಿದ ಎರಡರಿಂದ ಐದು ನಿಮಿಷಗಳ ಕಿರುಚಿತ್ರ. ಈ ರೂಪ ಬೆಳೆದದ್ದು ಅಮೆರಿಕದಲ್ಲಿ, 1990ರ ದಶಕದ ಆರಂಭದಲ್ಲಿ. ಜೋ ಲ್ಯಾಂಬರ್ಟ್, ಡೇನಾ ಆಚ್ಲಿ ಮತ್ತು ನೀನಾ ಮಲ್ಲೆನ್ ಅವರು 1994ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸ್ಥಾಪಿಸಿದ ಕೇಂದ್ರವು ಕ್ಯಾಮೆರಾವನ್ನಾಗಲಿ ಎಡಿಟಿಂಗ್ ಅನ್ನಾಗಲಿ ಅರಿಯದ ಸಾಮಾನ್ಯ ಜನರಿಗೆ ಕೆಲವೇ ದಿನಗಳ ಕಾರ್ಯಾಗಾರದಲ್ಲಿ ತಮ್ಮ ಬದುಕಿನ ಒಂದು ಕಥೆಯನ್ನು ಮಾಡುವುದನ್ನು ಕಲಿಸಿತು. ಅದೇ ಸಂಸ್ಥೆ 2015ರಲ್ಲಿ ಸ್ಟೋರಿಸೆಂಟರ್ ಎಂಬ ಹೆಸರು ಪಡೆಯಿತು. ಅಂದಿನ ಯಂತ್ರಗಳು, ತಂತ್ರಾಂಶಗಳು ಈಗ ಬಳಕೆಯಲ್ಲಿಲ್ಲ. ಆದರೆ ಅವರು ಹಾಕಿಕೊಟ್ಟ ಕ್ರಮ ಹಾಗೆಯೇ ಉಳಿದಿದೆ. ಮೊದಲು ಬರಹ, ಆಮೇಲೆ ಧ್ವನಿ, ಆಮೇಲೆ ಚಿತ್ರ, ಕೊನೆಗೆ ಜೋಡಣೆ. ಹೊಸದಾಗಿ ಕಲಿಯುವವರು ಬಹುತೇಕ ಚಿತ್ರಗಳಿಂದ ಶುರುಮಾಡುತ್ತಾರೆ, ಮತ್ತು ಅಲ್ಲಿಯೇ ಸಿಕ್ಕಿಬೀಳುತ್ತಾರೆ. ಚಂದದ ಚಿತ್ರವೊಂದು ಕಣ್ಣಿಗೆ ಬಿದ್ದ ಮೇಲೆ ಕಥೆಯನ್ನು ಅದಕ್ಕೆ ಒಗ್ಗಿಸುವ ಆಸೆ ಹುಟ್ಟುತ್ತದೆ, ಕಥೆ ಚಿತ್ರದ ಅಡಿಬರಹವಾಗಿ ಸೊರಗುತ್ತದೆ.

ಬರಹ

ಈ ಹಂತಕ್ಕೆ ಯಾವ ವಿಶೇಷ ಸಾಧನವೂ ಬೇಡ, ಕಾಗದ ಸಾಕು. ಬೇಕಾದದ್ದು ಒಂದು ಘಟನೆ. ವಿಷಯ ಮತ್ತು ಘಟನೆಗಳ ನಡುವಿನ ಅಂತರವನ್ನು ಶಿಕ್ಷಕರಾದ ನಾವು ಎಚ್ಚರದಿಂದ ಗಮನಿಸಬೇಕು, ಏಕೆಂದರೆ ದಿನವಿಡೀ ವಿಷಯವನ್ನು ವಿವರಿಸುವುದೇ ನಮ್ಮ ಕೆಲಸವಾಗಿರುವುದರಿಂದ ಕಥೆ ಬರೆಯಲು ಕೂತಾಗಲೂ ಕೈ ತಾನಾಗಿ ವಿವರಣೆಯತ್ತ ಹೊರಳುತ್ತದೆ. ಋಣ ಸಂಖ್ಯೆಗಳ ಬಗ್ಗೆ ನಾನು ಮಾಡಿದ ಮೊದಲ ಕಥೆಯ ಮೊದಲ ಕರಡು ಹೀಗೆ ಆರಂಭವಾಗಿತ್ತು: “ಸೊನ್ನೆಗಿಂತ ಕಡಿಮೆ ಬೆಲೆಯುಳ್ಳ ಸಂಖ್ಯೆಗಳನ್ನು ಋಣ ಸಂಖ್ಯೆಗಳೆಂದು ಕರೆಯುತ್ತೇವೆ. ಇವು ಗಣಿತದಲ್ಲಿ ಬಹಳ ಮುಖ್ಯವಾದವು.” ಇದರಲ್ಲಿ ತಪ್ಪೇನೂ ಇಲ್ಲ, ಆದರೆ ಇದು ಪಾಠ. ನಾಲ್ಕನೆಯ ಕರಡು ಹೀಗಾಯಿತು: “ಐದರಲ್ಲಿ ಏಳು ಹೋಗುವುದಿಲ್ಲ ಎಂದು ಕಪ್ಪುಹಲಗೆಯ ಮೇಲೆ ಬರೆದು ಹಿಂದಕ್ಕೆ ತಿರುಗಿದೆ. ಟೀಚರ್ ಏನೂ ಹೇಳಲಿಲ್ಲ. ಸೀಮೆಸುಣ್ಣದಿಂದ ಒಂದು ಸಾಲು ಮೆಟ್ಟಿಲು ಬರೆದು, ನಡುವಿನ ಮೆಟ್ಟಿಲಿಗೆ ಸೊನ್ನೆ ಎಂದು ಹೆಸರಿಟ್ಟರು. ‘ನೀನು ಐದನೆಯ ಮೆಟ್ಟಿಲ ಮೇಲೆ ನಿಂತಿದ್ದೀಯ. ಈಗ ಏಳು ಮೆಟ್ಟಿಲು ಇಳಿ’ ಎಂದರು.” ಇಲ್ಲಿ ಒಬ್ಬ ವ್ಯಕ್ತಿ ಇದ್ದಾನೆ, ಅವನೊಂದು ತಪ್ಪು ಮಾಡಿದ್ದಾನೆ, ಮುಂದೇನಾಗುತ್ತದೆ ಎಂಬ ಕುತೂಹಲ ಇದೆ. ಸೊನ್ನೆಯನ್ನು ದಾಟಿ ಇನ್ನೂ ಎರಡು ಮೆಟ್ಟಿಲು ಕೆಳಗಿಳಿಯಬೇಕೆಂಬುದನ್ನು ಕಥೆ ಕೇಳುತ್ತಿರುವ ಮಗು ತಾನೇ ಎಣಿಸಿ ಕಂಡುಕೊಳ್ಳುತ್ತದೆ.

ಉದ್ದದ ವಿಚಾರದಲ್ಲಿ ಒಂದು ಎಚ್ಚರಿಕೆ ಬೇಕು. ಇಂಗ್ಲಿಷ್ ಕೈಪಿಡಿಗಳು ಇಂತಹ ಕಥೆಗೆ 250ರಿಂದ 375 ಪದಗಳ ಬರಹ ಸಾಕು ಎನ್ನುತ್ತವೆ. ಕನ್ನಡದಲ್ಲಿ ಈ ಲೆಕ್ಕ ಹಾಗೆಯೇ ಹೊಂದುವುದಿಲ್ಲ. ವಿಭಕ್ತಿ, ಕಾಲ, ಲಿಂಗ, ವಚನಗಳೆಲ್ಲ ಪದದ ಬಾಲಕ್ಕೆ ಅಂಟಿಕೊಳ್ಳುವುದರಿಂದ ನಮ್ಮ ಒಂದು ಪದ ಅವರ ಎರಡು ಮೂರು ಪದಗಳ ಹೊರೆ ಹೊರುತ್ತದೆ, ಉಚ್ಚರಿಸಲೂ ಅಷ್ಟು ಹೆಚ್ಚು ಹೊತ್ತು ಬೇಕಾಗುತ್ತದೆ. ಆದ್ದರಿಂದ ಪದ ಎಣಿಸದೆ ಗಡಿಯಾರ ನೋಡಬೇಕು. ಬರೆದದ್ದನ್ನು ಎದುರಿಗಿರುವವರಿಗೆ ಹೇಳುವ ವೇಗದಲ್ಲಿ ಗಟ್ಟಿಯಾಗಿ ಓದಿ, ಎರಡು ನಿಮಿಷ ಮೀರಿದರೆ ಕತ್ತರಿಸಬೇಕು. ನಾಲಗೆ ಎಡವಿದ ವಾಕ್ಯವನ್ನು ಓದುವ ಅಭ್ಯಾಸದಿಂದ ಸರಿಪಡಿಸಲು ಹೋಗದೆ ವಾಕ್ಯವನ್ನೇ ಬದಲಿಸುವುದು ಮೇಲು. ಅದು ಬರವಣಿಗೆಯ ಕನ್ನಡ, ಆಡುವ ಕನ್ನಡವಲ್ಲ ಎಂಬುದಕ್ಕೆ ಆ ಎಡವುವಿಕೆಯೇ ಗುರುತು.

ಧ್ವನಿ

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಚಿತ್ರ ಸ್ವಲ್ಪ ಮಸುಕಾಗಿದ್ದರೂ ನೋಡುಗರು ಸಹಿಸುತ್ತಾರೆ. ಮಾತು ಸ್ಪಷ್ಟವಾಗಿ ಕೇಳಿಸದಿದ್ದರೆ ಅರ್ಧ ನಿಮಿಷಕ್ಕೇ ಗಮನ ಕಳೆದುಕೊಳ್ಳುತ್ತಾರೆ.

ಮೊಬೈಲ್ ಫೋನಿನ ಧ್ವನಿಮುದ್ರಣ ಆ್ಯಪ್ ಮೊದಲ ಕಥೆಗೆ ಸಂಪೂರ್ಣವಾಗಿ ಸಾಕು. ಖರ್ಚಿಲ್ಲದೆ ಧ್ವನಿಯನ್ನು ಉತ್ತಮಗೊಳಿಸುವ ಮುಖ್ಯ ಉಪಾಯವೆಂದರೆ ಕೋಣೆಯ ಆಯ್ಕೆ. ಖಾಲಿ ತರಗತಿಯ ಬರಿಯ ಗೋಡೆಗಳು ಮಾತನ್ನು ಹಿಂದಕ್ಕೆ ಎಸೆಯುತ್ತವೆ, ಅದರಿಂದ ಧ್ವನಿ ಟೊಳ್ಳಾಗಿ ಕೇಳಿಸುತ್ತದೆ. ಬಟ್ಟೆ, ಪರದೆ, ಹಾಸಿಗೆ, ತುಂಬಿದ ಪುಸ್ತಕದ ಕಪಾಟುಗಳಿರುವ ಕೋಣೆ ಆ ಪ್ರತಿಧ್ವನಿಯನ್ನು ಹೀರಿಕೊಳ್ಳುತ್ತದೆ. ಫ್ಯಾನ್ ಆರಿಸಬೇಕು, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಬೇಕು, ಬಾಯಿಯಿಂದ ಸುಮಾರು ಒಂದು ಗೇಣು ದೂರದಲ್ಲಿ ಅದನ್ನು ತುಸು ಓರೆಯಾಗಿ ಇಡಬೇಕು. ನೇರವಾಗಿ ಮುಂದಿಟ್ಟರೆ ‘ಪ’, ‘ಫ’, ‘ಬ’, ‘ಭ’ಗಳನ್ನು ಉಚ್ಚರಿಸುವಾಗ ಬಾಯಿಂದ ಹೊರಡುವ ಗಾಳಿ ಮೈಕ್‌ಗೆ ಬಡಿದು ಸದ್ದಾಗುತ್ತದೆ.

ಮಾತು ಆರಂಭಿಸುವ ಮೊದಲು ಐದು ಸೆಕೆಂಡುಗಳ ಮೌನವನ್ನು ಮುದ್ರಿಸಿಕೊಳ್ಳುವುದನ್ನು ಎಂದೂ ಮರೆಯಬಾರದು. ಅದು ಕೋಣೆಯ ಸ್ವಂತ ಸದ್ದು. ಸಂಪಾದನೆಗೆ ಬಳಸುವ ಆಡಾಸಿಟಿ ಎಂಬ ಉಚಿತ, ಮುಕ್ತ ತಂತ್ರಾಂಶದಲ್ಲಿ ಈ ಮೌನಕ್ಕೆ ದೊಡ್ಡ ಉಪಯೋಗವಿದೆ. 2000ದಿಂದ ಬಳಕೆಯಲ್ಲಿರುವ ಈ ತಂತ್ರಾಂಶ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಕೆಲಸ ಮಾಡುತ್ತದೆ. ಮುದ್ರಿಸಿದ ಫೈಲನ್ನು ಅದರಲ್ಲಿ ತೆರೆದು, ಮೌನದ ಆ ಐದು ಸೆಕೆಂಡುಗಳನ್ನು ಮೌಸ್‌ನಿಂದ ಎಳೆದು ಆಯ್ದುಕೊಂಡು, ಎಫೆಕ್ಟ್ ಮೆನುವಿನ ನಾಯ್ಸ್ ರಿಡಕ್ಷನ್‌ಗೆ ಹೋಗಿ ಗೆಟ್ ನಾಯ್ಸ್ ಪ್ರೊಫೈಲ್ ಒತ್ತಿದರೆ, ಯಾವುದು ಬೇಡವಾದ ಸದ್ದು ಎಂಬುದನ್ನು ತಂತ್ರಾಂಶ ಗುರುತಿಸಿಕೊಳ್ಳುತ್ತದೆ. ಆಮೇಲೆ ಇಡೀ ಧ್ವನಿಯನ್ನು ಆಯ್ದುಕೊಂಡು ಅದೇ ಎಫೆಕ್ಟನ್ನು ಮತ್ತೆ ತೆರೆದು ಓಕೆ ಒತ್ತಬೇಕು. ಗೊರಗೊರ ಸದ್ದು ಕಡಿಮೆಯಾಗುತ್ತದೆ. ಪೂರ್ತಿ ತೆಗೆಯುವ ಹಠ ಬೇಡ. ಮಿತಿಮೀರಿ ತೆಗೆದರೆ ಮಾತು ನೀರಿನೊಳಗಿಂದ ಬಂದಂತೆ ಕೇಳಿಸುತ್ತದೆ. ಇದರ ಹೊರತಾಗಿ ಕತ್ತರಿಸುವುದು, ಅಂಟಿಸುವುದು, ಸದ್ದಿನ ಮಟ್ಟ ಏರಿಸಿ ಇಳಿಸುವುದು ಇಷ್ಟು ಬಂದರೆ ಆಡಾಸಿಟಿಯಲ್ಲಿ ಶಿಕ್ಷಕರು ಕಲಿಯಬೇಕಾದದ್ದು ಮುಗಿಯಿತು. ಉಳಿದ ನೂರಾರು ಸೌಲಭ್ಯಗಳನ್ನು ಕಂಡು ಹೆದರಬೇಕಾಗಿಲ್ಲ.

ಓದುವಾಗ ತಪ್ಪಿದರೆ ಮುದ್ರಣವನ್ನು ನಿಲ್ಲಿಸದೆ, ಒಮ್ಮೆ ಚಪ್ಪಾಳೆ ತಟ್ಟಿ ಆ ವಾಕ್ಯವನ್ನು ಮೊದಲಿನಿಂದ ಓದಬೇಕು. ಪರದೆಯ ಮೇಲೆ ಚಪ್ಪಾಳೆಯ ಸದ್ದು ಚೂಪಾದ ಗೆರೆಯಾಗಿ ಎದ್ದು ಕಾಣುವುದರಿಂದ ಎಲ್ಲಿ ಕತ್ತರಿಸಬೇಕೆಂದು ಹುಡುಕಾಡಬೇಕಾಗುವುದಿಲ್ಲ.

ಕತ್ತರಿಸುವಾಗ ಎಲ್ಲ ಮೌನವನ್ನೂ ಕತ್ತರಿಸಬಾರದು. ನನ್ನ ತರಗತಿಯ ಹುಡುಗಿಯೊಬ್ಬಳು ತನ್ನ ಅಜ್ಜಿಯ ಕನ್ನಡಕದ ಬಗ್ಗೆ ಕಥೆ ಹೇಳುತ್ತಾ, “ಅದನ್ನು ಈಗ ಯಾರೂ ಹಾಕಿಕೊಳ್ಳುವುದಿಲ್ಲ” ಎಂಬ ಮಾತಿನ ನಂತರ ತಡೆದು ನಿಂತಳು. ಪರದೆಯ ಮೇಲೆ ಅದು ಮೂರು ಸೆಕೆಂಡಿನ ಸಪಾಟು ಗೆರೆ. ನಾನು ಅದನ್ನು ಆಯ್ದು ಅಳಿಸಲು ಹೊರಟಾಗ ಅವಳು ಕೈ ಅಡ್ಡ ಹಿಡಿದು, “ಅದು ಬೇಕು, ಮಿಸ್” ಎಂದಳು. ಕೇಳಿದವರೆಲ್ಲರ ಮನಸ್ಸಿನಲ್ಲಿ ಉಳಿದದ್ದು ಆ ಮೂರು ಸೆಕೆಂಡು.

ಚಿತ್ರ

ಧ್ವನಿ ಸಿದ್ಧವಾದ ಮೇಲೆ ಅದನ್ನು ಕೇಳುತ್ತಾ ಸ್ಟೋರಿಬೋರ್ಡ್ ಬರೆಯಬೇಕು. ಕಾಗದವನ್ನು ಹನ್ನೆರಡು ಚೌಕಗಳಾಗಿ ಮಡಿಸಿ, ಪ್ರತಿ ಚೌಕದಲ್ಲಿ ಒಂದು ಒರಟು ಚಿತ್ರ, ಅದರ ಕೆಳಗೆ ಆ ಹೊತ್ತಿಗೆ ಕೇಳಿಸುವ ಮಾತು, ಪಕ್ಕದಲ್ಲಿ ಸೆಕೆಂಡುಗಳು. ಎರಡು ನಿಮಿಷದ ಕಥೆಗೆ ಹನ್ನೆರಡರಿಂದ ಹದಿನೈದು ಚಿತ್ರಗಳು ಧಾರಾಳವಾಗಿ ಸಾಕು. ಒಂದೊಂದು ಚಿತ್ರಕ್ಕೆ ಎಂಟು ಹತ್ತು ಸೆಕೆಂಡು ಸಿಗುತ್ತದೆ, ಕಣ್ಣು ಅದರ ಮೇಲೆ ಓಡಾಡಲು ಅಷ್ಟು ಸಮಯ ಬೇಕು. ಮಾತು ಹೇಳಿದ್ದನ್ನೇ ಚಿತ್ರವೂ ತೋರಿಸಬೇಕೆಂದಿಲ್ಲ. “ಟೀಚರ್ ಏನೂ ಹೇಳಲಿಲ್ಲ” ಎನ್ನುವಲ್ಲಿ ಸುಮ್ಮನೆ ನಿಂತ ಟೀಚರ್ ಚಿತ್ರಕ್ಕಿಂತ ಸೀಮೆಸುಣ್ಣ ಹಿಡಿದ ಬೆರಳುಗಳ ಚಿತ್ರ ಹೆಚ್ಚು ಹೇಳುತ್ತದೆ.

ಮಕ್ಕಳೇ ಬರೆದ ಚಿತ್ರವನ್ನು ಕಿಟಕಿಯ ಬೆಳಕಿನಲ್ಲಿ, ಮೇಲಿನಿಂದ ನೇರವಾಗಿ ಫೋಟೊ ತೆಗೆದರೆ ಅದಕ್ಕಿಂತ ಒಳ್ಳೆಯ ಚಿತ್ರ ಇನ್ನೊಂದಿಲ್ಲ. ಹಕ್ಕುಸ್ವಾಮ್ಯದ ತೊಡಕಿಲ್ಲ, ಮಕ್ಕಳ ಮುಖಗಳನ್ನು ತೋರಿಸಬೇಕಾದ ಅಗತ್ಯವಿಲ್ಲ, ಕಥೆಯ ಬಣ್ಣವೂ ಅವರದೇ ಆಗಿರುತ್ತದೆ. ಫೋನನ್ನು ಅಡ್ಡಲಾಗಿ ಹಿಡಿಯಬೇಕು, ಏಕೆಂದರೆ ಪರದೆಯ ಅಗಲ ಮತ್ತು ಎತ್ತರದ ಅನುಪಾತ 16:9; ಉದ್ದಕ್ಕೆ ತೆಗೆದ ಚಿತ್ರದ ಎರಡೂ ಬದಿಯಲ್ಲಿ ಕಪ್ಪು ಪಟ್ಟಿ ಉಳಿಯುತ್ತದೆ.

ಅಂತರ್ಜಾಲದಿಂದ ಚಿತ್ರ ಅಥವಾ ಸಂಗೀತ ತೆಗೆದುಕೊಳ್ಳುವುದಾದರೆ, ತನ್ನ ಕೃತಿಯನ್ನು ಇತರರು ಯಾವ ಷರತ್ತಿನ ಮೇಲೆ ಬಳಸಬಹುದೆಂದು ಕರ್ತೃವೇ ಮೊದಲೇ ತಿಳಿಸುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನು ಓದಲು ಕಲಿಯಬೇಕು, ಮಕ್ಕಳಿಗೂ ಕಲಿಸಬೇಕು. ಹುಡುಕಾಟದಲ್ಲಿ ಕಂಡದ್ದೆಲ್ಲ ಉಚಿತವಲ್ಲ. 2002ರಲ್ಲಿ ಮೊದಲು ಹೊರಬಂದ ಈ ಪರವಾನಗಿಗಳಲ್ಲಿ ‘ಬೈ’ ಎಂದಿದ್ದರೆ ಕರ್ತೃವಿನ ಹೆಸರು ಹೇಳಬೇಕು, ‘ಎನ್‌ಸಿ’ ಎಂದಿದ್ದರೆ ವಾಣಿಜ್ಯಕ್ಕೆ ಬಳಸಬಾರದು, ‘ಎಸ್‌ಎ’ ಎಂದಿದ್ದರೆ ಅದರಿಂದ ಮಾಡಿದ ಹೊಸ ಕೃತಿಯನ್ನೂ ಅದೇ ಪರವಾನಗಿಯಡಿ ಹಂಚಬೇಕು, ‘ಎನ್‌ಡಿ’ ಎಂದಿದ್ದರೆ ಬದಲಿಸಿದ ರೂಪವನ್ನು ಹಂಚಬಾರದು. ಹಲವರಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಸಂಗೀತವನ್ನು ಚಲಿಸುವ ದೃಶ್ಯಕ್ಕೆ ಹೊಂದಿಸಿ ಕೂರಿಸುವುದನ್ನೂ ಈ ಪರವಾನಗಿಗಳು ಬದಲಾವಣೆ ಎಂದೇ ಪರಿಗಣಿಸುತ್ತವೆ. ಹಾಗಾಗಿ ‘ಎನ್‌ಡಿ’ ಗುರುತಿನ ಸಂಗೀತವನ್ನು ಹಂಚಲಿರುವ ಕಥೆಯಲ್ಲಿ ಬಳಸುವಂತಿಲ್ಲ. ಮರುಬಳಸಬಹುದಾದ ಚಿತ್ರ, ಧ್ವನಿ, ವಿಡಿಯೊಗಳ ಸಂಗ್ರಹವಾದ ವಿಕಿಮೀಡಿಯ ಕಾಮನ್ಸ್‌ನಲ್ಲಿ ಪ್ರತಿ ಕಡತದ ಪುಟದಲ್ಲೇ ಪರವಾನಗಿಯ ವಿವರ ಇರುವುದರಿಂದ ಕಲಿಕೆಗೆ ಅದು ಒಳ್ಳೆಯ ಜಾಗ.

ಶೀರ್ಷಿಕೆಯನ್ನು ಕನ್ನಡದಲ್ಲಿ ಬರೆಯುವವರು ಇನ್ನೊಂದು ಪರೀಕ್ಷೆ ಮಾಡಿಕೊಳ್ಳಬೇಕು. ಯಾವುದೇ ಹೊಸ ಸಾಧನದಲ್ಲಿ ಮೊದಲು ‘ರಾಷ್ಟ್ರ’, ‘ಸೂರ್ಯ’, ‘ಕೃತಜ್ಞತೆ’ ಎಂಬ ಮೂರು ಪದಗಳನ್ನು ಟೈಪ್ ಮಾಡಿ ನೋಡಿ. ಒತ್ತಕ್ಷರಗಳು ಬಿಡಿಬಿಡಿಯಾಗಿ ಉದುರಿದರೆ, ಅರ್ಕಾವತ್ತು ತಪ್ಪು ಜಾಗದಲ್ಲಿ ಕೂತರೆ, ಆ ಸಾಧನಕ್ಕೆ ಕನ್ನಡವನ್ನು ಜೋಡಿಸಲು ಬರುವುದಿಲ್ಲ ಎಂದರ್ಥ. ಹಳೆಯ, ಯೂನಿಕೋಡ್ (ಎಲ್ಲ ಸಾಧನಗಳಲ್ಲೂ ಒಂದೇ ಆಗಿರುವ ಅಕ್ಷರ ಸಂಕೇತ ವ್ಯವಸ್ಥೆ) ಅಲ್ಲದ ಫಾಂಟ್‌ಗಳಲ್ಲಿ ಟೈಪಿಸಿಟ್ಟ ಪಠ್ಯವನ್ನು ತಂದು ಅಂಟಿಸಿದಾಗಲೂ ಅರ್ಥವಿಲ್ಲದ ಚಿಹ್ನೆಗಳು ಮೂಡುತ್ತವೆ. ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು, ನೋಟೊ ಸ್ಯಾನ್ಸ್ ಕನ್ನಡದಂತಹ ಫಾಂಟ್ ಬಳಸಬೇಕು. ಯಾವುದೂ ಫಲಿಸದಿದ್ದರೆ ಶೀರ್ಷಿಕೆಯನ್ನು ದಪ್ಪ ಅಕ್ಷರದಲ್ಲಿ ಕಾಗದದ ಮೇಲೆ ಬರೆದು ಫೋಟೊ ತೆಗೆಯುವುದೇ ಸುಲಭ, ಮತ್ತು ಅದು ನೋಡಲೂ ಚೆನ್ನಾಗಿರುತ್ತದೆ.

ಜೋಡಣೆ

ಕಂಪ್ಯೂಟರಿನಲ್ಲಿ ಓಪನ್‌ಶಾಟ್ ಒಂದು ಸರಳವಾದ, ಉಚಿತ, ಮುಕ್ತ ಎಡಿಟರ್. ಫೋನಿನಲ್ಲಿ ಮಾಡುವವರು ತಮ್ಮ ಬಳಿ ಈಗಾಗಲೇ ಇರುವ ಯಾವುದಾದರೂ ಎಡಿಟಿಂಗ್ ಆ್ಯಪ್‌ನಲ್ಲಿ ಮಾಡಬಹುದು. ಆದರೆ ಅದು ಕೊನೆಯಲ್ಲಿ ವಿಡಿಯೊದ ಮೇಲೆ ತನ್ನ ಗುರುತು ಅಚ್ಚೊತ್ತುತ್ತದೆಯೇ ಎಂದು ಮೊದಲೇ ಹತ್ತು ಸೆಕೆಂಡಿನ ಮಾದರಿ ತೆಗೆದು ನೋಡಬೇಕು. ಬಹುತೇಕ ಎಡಿಟರ್‌ಗಳ ಒಳವ್ಯವಸ್ಥೆ ಒಂದೇ ಬಗೆಯದು: ಎಡದಿಂದ ಬಲಕ್ಕೆ ಸಮಯ ಸಾಗುವ ಟೈಮ್‌ಲೈನ್, ಅದರಲ್ಲಿ ಒಂದರ ಮೇಲೊಂದು ಟ್ರ್ಯಾಕ್‌ಗಳು. ಧ್ವನಿಯನ್ನು ಕೆಳಗಿನ ಟ್ರ್ಯಾಕ್‌ನಲ್ಲಿ ಮೊದಲು ಹಾಸಿ, ಅದರ ಮೇಲೆ ಚಿತ್ರಗಳನ್ನು ಒಂದೊಂದಾಗಿ ಇಟ್ಟು, ಮಾತಿಗೆ ತಕ್ಕಂತೆ ಎಳೆದು ಉದ್ದ ಗಿಡ್ಡ ಮಾಡುವುದು. ಚಿತ್ರದಿಂದ ಚಿತ್ರಕ್ಕೆ ನೇರ ಕತ್ತರಿಯೇ ಉತ್ತಮ. ಕಾಲ ಸರಿದದ್ದನ್ನು ತೋರಿಸುವಾಗ ಮಾತ್ರ ಒಂದು ಚಿತ್ರ ಕರಗಿ ಇನ್ನೊಂದು ಮೂಡುವಂತೆ ಮಾಡಬಹುದು.

ಈ ಹಂತದಲ್ಲಿ ನನಗೆ ಒದಗಿದ ಒಂದು ನಷ್ಟವನ್ನು ಇಲ್ಲಿ ಹೇಳಲೇಬೇಕು. ಚಿತ್ರಗಳನ್ನು ಡೆಸ್ಕ್‌ಟಾಪಿನ ಮೇಲೂ ಪೆನ್ ಡ್ರೈವ್‌ನಲ್ಲೂ ಚದುರಿಸಿಟ್ಟುಕೊಂಡು ಎರಡು ಸಂಜೆ ಕೆಲಸ ಮಾಡಿ, ಪ್ರಾಜೆಕ್ಟನ್ನು ಸೇವ್ ಮಾಡಿ, ಮರುದಿನ ಪೆನ್ ಡ್ರೈವ್ ಇಲ್ಲದೆ ತೆರೆದಾಗ ಅರ್ಧದಷ್ಟು ಚಿತ್ರಗಳ ಜಾಗ ಖಾಲಿಯಾಗಿತ್ತು. ಎಡಿಟರ್‌ನ ಪ್ರಾಜೆಕ್ಟ್ ಫೈಲಿನಲ್ಲಿ ಸಾಮಾನ್ಯವಾಗಿ ಚಿತ್ರಗಳು ಇರುವುದಿಲ್ಲ, ಅವು ಎಲ್ಲಿವೆ ಎಂಬ ವಿಳಾಸ ಮಾತ್ರ ಇರುತ್ತದೆ ಎಂಬುದು ನನಗೆ ಗೊತ್ತಾದದ್ದು ಹಾಗೆ. ಅಂದಿನಿಂದ ಕಥೆಗೊಂದು ಫೋಲ್ಡರ್ ಮಾಡಿ, ಬರಹ, ಧ್ವನಿ, ಚಿತ್ರ, ಸಂಗೀತ, ಪರವಾನಗಿಗಳ ಪಟ್ಟಿ ಎಲ್ಲವನ್ನೂ ಅದರೊಳಗಿಟ್ಟು, ಆಮೇಲೆಯೇ ಎಡಿಟರ್ ತೆರೆಯುತ್ತೇನೆ. ಕೆಲಸ ಮುಗಿಯುವ ತನಕ ಆ ಫೋಲ್ಡರಿನ ಹೆಸರನ್ನೂ ಬದಲಿಸುವುದಿಲ್ಲ.

ಪರದೆಯ ಮೇಲೆ ಅಕ್ಷರ ತುಂಬುವ ಆಸೆಯನ್ನು ಶಿಕ್ಷಕರು ಹತ್ತಿಕ್ಕಬೇಕು. ದೃಶ್ಯ ಮತ್ತು ಶ್ರವ್ಯ ಮಾಧ್ಯಮಗಳಿಂದ ಕಲಿಯುವ ಬಗೆಯನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಅವರ ಪ್ರಯೋಗಗಳು ತೋರಿಸಿಕೊಟ್ಟಂತೆ, ಚಿತ್ರದ ಜೊತೆಗೆ ಮಾತು ಕೇಳಿಸುತ್ತಿರುವಾಗ ಅದೇ ಮಾತನ್ನು ಪರದೆಯ ಮೇಲೂ ಬರೆದರೆ ಕಲಿಕೆ ಹೆಚ್ಚುವ ಬದಲು ಕುಗ್ಗಬಹುದು, ಏಕೆಂದರೆ ಕಣ್ಣು ಚಿತ್ರವನ್ನು ಬಿಟ್ಟು ಅಕ್ಷರದ ಹಿಂದೆ ಓಡುತ್ತದೆ. ಹಾಗೆಂದು ಕಿವಿ ಕೇಳಿಸದ ಮಗುವನ್ನಾಗಲಿ, ತರಗತಿಯ ಭಾಷೆಯನ್ನು ಈಗಷ್ಟೇ ಕಲಿಯುತ್ತಿರುವ ಮಗುವನ್ನಾಗಲಿ ಹೊರಗಿಡುವಂತಿಲ್ಲ. ಇದಕ್ಕೆ ಪರಿಹಾರವೆಂದರೆ ಅಕ್ಷರಗಳನ್ನು ವಿಡಿಯೊದೊಳಗೆ ಅಚ್ಚೊತ್ತದೆ, ಬೇಕಾದವರು ತೋರಿಸಿಕೊಳ್ಳಬಹುದಾದ, ಬೇಡವಾದವರು ಮರೆಮಾಡಬಹುದಾದ ಪ್ರತ್ಯೇಕ ಸಬ್‌ಟೈಟಲ್ ಫೈಲಾಗಿ ಕೊಡುವುದು.

ಸಂಗೀತ ಇಲ್ಲದೆಯೂ ಕಥೆ ನಿಲ್ಲುತ್ತದೆ. ಹಾಕುವುದಾದರೆ ಹಾಡಿನ ಮಾತಿಲ್ಲದ ವಾದ್ಯಸಂಗೀತ ಇರಲಿ, ಮತ್ತು ಅದು ಮಾತಿಗಿಂತ ಕನಿಷ್ಠ 20 ಡೆಸಿಬಲ್ ಕೆಳಗಿರಲಿ. ಜಾಲತಾಣಗಳ ಸುಗಮ ಬಳಕೆಗೆಂದು ರೂಪಿಸಿದ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಈ ಅಂತರವನ್ನೇ ಸೂಚಿಸುತ್ತದೆ.

ಕೊನೆಗೆ ಎಂಪಿ4 ಆಗಿ ಎಕ್ಸ್‌ಪೋರ್ಟ್ ಮಾಡಬೇಕು. ಬಿಟ್‌ರೇಟನ್ನು, ಅಂದರೆ ಒಂದು ಸೆಕೆಂಡಿನ ವಿಡಿಯೊಗೆ ಬಳಸುವ ದತ್ತಾಂಶದ ಪ್ರಮಾಣವನ್ನು, ಸೆಕೆಂಡಿಗೆ 8 ಮೆಗಾಬಿಟ್ (ಒಂದು ಮೆಗಾಬೈಟ್) ಇಟ್ಟರೆ ಎರಡು ನಿಮಿಷಕ್ಕೆ ಸುಮಾರು 120 ಮೆಗಾಬೈಟ್ ಆಗುತ್ತದೆ. ಸ್ಥಿರಚಿತ್ರಗಳ ಕಥೆಗೆ 720ಪಿ ಅಳತೆ (ಚಿತ್ರದ ಎತ್ತರ 720 ಚುಕ್ಕಿ) ಮತ್ತು ಸೆಕೆಂಡಿಗೆ 2.5 ಮೆಗಾಬಿಟ್ ಸಾಕು, ಆಗ ಅದು 40 ಮೆಗಾಬೈಟಿನೊಳಗೆ ಬರುತ್ತದೆ, ಕಳಿಸಲು ಸುಲಭ.

ತರಗತಿಯಲ್ಲಿ

ಮಕ್ಕಳ ವಯಸ್ಸಿಗೆ ತಕ್ಕಂತೆ ಸಾಧನ ಬದಲಾಗುತ್ತದೆ, ಕ್ರಮ ಬದಲಾಗುವುದಿಲ್ಲ. ಐದರಿಂದ ಏಳು ವರ್ಷದವರಿಗೆ ಓದು ಬಾರದಿದ್ದರೂ ಚಿತ್ರರೂಪದ ಆಜ್ಞೆಗಳ ತುಂಡುಗಳನ್ನು ಜೋಡಿಸಿ ಪಾತ್ರಗಳನ್ನು ನಡೆಸಬಹುದಾದ ಸ್ಕ್ರ್ಯಾಚ್ ಜೂನಿಯರ್ ಎಂಬ ಆ್ಯಪ್ ಇದೆ. ಎಂಟು ವರ್ಷ ದಾಟಿದವರಿಗೆ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ರೂಪುಗೊಂಡು 2007ರಲ್ಲಿ ಹೊರಬಂದ, ಅದೇ ಬಗೆಯ ಸ್ಕ್ರ್ಯಾಚ್ ಇದೆ. ಪುಸ್ತಕದ ರೂಪದಲ್ಲಿ ಕಥೆ ಮಾಡಲು ಬಯಸುವವರಿಗೆ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಎಂಬ ಜಾಲತಾಣ ಒಳ್ಳೆಯ ಆಸರೆ. ಅಲ್ಲಿನ ಕಥೆ, ಚಿತ್ರಗಳು ಮುಕ್ತ ಪರವಾನಗಿಯಲ್ಲಿರುವುದರಿಂದ ಅವನ್ನು ಓದಬಹುದು, ಅನುವಾದಿಸಬಹುದು, ಹೊಸ ಕಥೆಗೆ ಬಳಸಬಹುದು. ಓದುಗರೇ ದಾರಿ ಆಯ್ದುಕೊಳ್ಳುವ ಕವಲು ಕಥೆಗಳಿಗೆ ಟ್ವೈನ್ ಎಂಬ ಉಚಿತ ಸಾಧನವನ್ನು ಹಿರಿಯ ತರಗತಿಗಳಲ್ಲಿ ಪ್ರಯತ್ನಿಸಬಹುದು. ಅನೇಕ ಜಾಲಸೇವೆಗಳು ಹದಿಮೂರು ವರ್ಷದೊಳಗಿನ ಮಕ್ಕಳಿಗೆ ಸ್ವಂತ ಖಾತೆ ತೆರೆಯಲು ಬಿಡುವುದಿಲ್ಲವಾದ್ದರಿಂದ ನಿಯಮಗಳನ್ನು ಓದದೆ ಮಕ್ಕಳನ್ನು ಯಾವುದಕ್ಕೂ ನೋಂದಾಯಿಸಬಾರದು.

ಮೊದಲ ಬಾರಿಗೆ ನಲವತ್ತು ನಿಮಿಷಗಳ ಆರು ಅವಧಿಗಳನ್ನು ಎತ್ತಿಡಿ. ಅದರಲ್ಲಿ ಎರಡು ಪೂರ್ತಿಯಾಗಿ ಬರಹಕ್ಕೆ ಮೀಸಲಿರಲಿ, ಆ ಎರಡರಲ್ಲಿ ಯಾವ ಯಂತ್ರವೂ ಕೈಗೆ ಬರಬಾರದು. ಒಂದೇ ಸಾಧನ ಇದ್ದರೆ ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಿ. ಒಂದು ಗುಂಪು ಧ್ವನಿ ಮುದ್ರಿಸುವಾಗ ಉಳಿದವರು ಚಿತ್ರ ಬರೆಯಲಿ. ಕಂಪ್ಯೂಟರ್ ಬಲ್ಲ ಮಗುವೇ ಎಲ್ಲವನ್ನೂ ಮಾಡಿ ಮುಗಿಸುವ ಅಪಾಯ ಪ್ರತಿ ಗುಂಪಿನಲ್ಲೂ ಇರುತ್ತದೆ. ಮೌಸ್ ಹಿಡಿದವರು ಹತ್ತು ನಿಮಿಷಕ್ಕೊಮ್ಮೆ ಬದಲಾಗಬೇಕು, ನಾಲ್ವರ ಧ್ವನಿಯೂ ಕಥೆಯಲ್ಲಿ ಕೇಳಿಸಬೇಕು ಎಂಬ ಎರಡು ನಿಯಮಗಳನ್ನು ನಾನು ಎಂದೂ ಸಡಿಲಿಸಿಲ್ಲ.

ಮಕ್ಕಳು ಕೆಲವೊಮ್ಮೆ ನಾವು ನಿರೀಕ್ಷಿಸದ ಕಥೆ ಬರೆಯುತ್ತಾರೆ: ಮನೆಯ ಜಗಳ, ಸಾವು, ಭಯ. ಅದನ್ನು ತಡೆಯಬಾರದು, ತಕ್ಷಣ ತರಗತಿಯ ಮುಂದೆ ತೋರಿಸಲೂಬಾರದು. ತೋರಿಸಬೇಕೇ, ಯಾರಿಗೆ ತೋರಿಸಬೇಕು ಎಂಬುದನ್ನು ಮಗುವೇ ನಿರ್ಧರಿಸಲಿ. ಮಗುವಿನ ಸುರಕ್ಷತೆಯ ಬಗ್ಗೆ ಆತಂಕ ಹುಟ್ಟಿಸುವ ಸಂಗತಿಯಿದ್ದರೆ ಮಾತ್ರ ಶಾಲೆಯ ಹೊಣೆಗಾರರಿಗೆ ತಿಳಿಸಲೇಬೇಕು. ಪೋಷಕರ ಬರಹದ ಒಪ್ಪಿಗೆಯಿಲ್ಲದೆ ಮಗುವಿನ ಮುಖವಾಗಲಿ, ಧ್ವನಿಯಾಗಲಿ, ಹೆಸರಾಗಲಿ ಶಾಲೆಯ ಗೋಡೆ ದಾಟಿ ಹೋಗಬಾರದು.

ಅಂಕ ಕೊಡುವಾಗ ವಿಡಿಯೊದ ಮೆರುಗಿಗೆ ಮರುಳಾಗುವುದು ಸುಲಭ. ಮೊದಲ ಕರಡನ್ನೂ ಕೊನೆಯ ಕರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರೆ ಮಗು ಏನು ಕಲಿತಿದೆ ಎಂಬುದು ತಿಳಿಯುತ್ತದೆ. ಅದಕ್ಕಾಗಿಯೇ ಕರಡುಗಳನ್ನೆಲ್ಲ ಕಥೆಯ ಫೋಲ್ಡರಿನಲ್ಲಿ ಉಳಿಸಿಕೊಳ್ಳಬೇಕು. ಪ್ರದರ್ಶನದ ದಿನ ಪ್ರತಿ ಕಥೆಯನ್ನು ಎರಡು ಸಲ ಹಾಕಿ, ಮೊದಲ ಸಲ ಪರದೆ ಆರಿಸಿ ಧ್ವನಿಯನ್ನು ಮಾತ್ರ ಕೇಳಿಸಿ, ಎರಡನೆಯ ಸಲ ಚಿತ್ರದೊಂದಿಗೆ ತೋರಿಸಿ. ನಡುವೆ, ಧ್ವನಿ ಕೇಳಿಸಿಕೊಂಡ ಮಕ್ಕಳನ್ನು, ಮನಸ್ಸಿನ ಕಣ್ಣಿಗೆ ಏನು ಕಂಡಿತು ಎಂದು ವಿಚಾರಿಸಿ, ಅವರು ಹೇಳಿದ್ದನ್ನು ಕಥೆ ಮಾಡಿದ ಗುಂಪು ಬರೆದುಕೊಳ್ಳಲಿ. ಮುಂದಿನ ಕರಡಿಗೆ ಬೇಕಾದ ತಿದ್ದುಪಡಿಗಳ ಪಟ್ಟಿ ಬಹುಮಟ್ಟಿಗೆ ಅಲ್ಲಿಯೇ ಸಿದ್ಧವಾಗುತ್ತದೆ.